ದೇವರಿಲ್ಲ ಅನ್ನುವವಳ ಪ್ರಮಾಣ

ಅಣ್ಣ ನನ್ನನ್ನು ಸಾಕ್ಷಿಗೆ ಕರೆದದ್ದು ನಾನು ಡಿಗ್ರಿ ಮಾಡಿದವಳು ಅಂತಲ್ಲ, ದೇವರಿಗೆ ಹೆದರದವಳು ಅಂತ. ಇದು ನನಗೆ ಪೂರ್ತಿ ಅರ್ಥವಾಗುವ ಹೊತ್ತಿಗೆ ನಾನು ಒಪ್ಪಿಕೊಂಡಾಗಿತ್ತು.

ಕುಂತೂರಿನ ಹತ್ತಿರದ ನಮ್ಮೂರಲ್ಲಿ ಅಣ್ಣನಿಗೆ ಎರಡು ತುಂಡು ಜಮೀನಿದೆ. ಚಿಕ್ಕ ತುಂಡಿನ ಕಬ್ಬನ್ನು ಆಲೆಮನೆಗೆ ಕಡಿದು ಕೊಟ್ಟಿದ್ದ. ಅಲ್ಲಿ ಬಿದ್ದಿದ್ದ ಒಣ ತರಗಿಗೆ ಒಂದು ಶನಿವಾರ ಬೆಳಿಗ್ಗೆ ಬೆಂಕಿ ಇಟ್ಟ. ಕಡಿದ ಬುಡದಿಂದ ಕೂಳೆ ಬೆಳೆ ಚೆನ್ನಾಗಿ ಒಡೆಯಲಿ ಅಂತ ನಮ್ಮ ಕಡೆ ಎಲ್ಲರೂ ಮಾಡುವ ಕೆಲಸವೇ ಅದು. ಮಧ್ಯಾಹ್ನ ಗಾಳಿ ಎದ್ದಿತು. ಬದುವಿನ ಆಚೆ ನಿಂತಿದ್ದ ಪಕ್ಕದ ಜಮೀನಿನವನ ಕಬ್ಬು ಹೊತ್ತಿಕೊಂಡು, ಊರವರು ಓಡಿ ಹೋಗುವಷ್ಟರಲ್ಲಿ ಮುಕ್ಕಾಲು ಎಕರೆ ಕರ್ರಗಾಗಿತ್ತು. ಬೆಂಕಿ ಆರಿಸದೆ ಎದ್ದು ಹೋದ ಅಂತ ಪಕ್ಕದವನು. ಆರಿಸಿಯೇ ಬಂದೆ, ನಿನ್ನ ಕಬ್ಬಿನ ಮೇಲೆ ಜೋತುಬಿದ್ದಿರುವ ಕರೆಂಟ್ ತಂತಿಯಿಂದ ಕಿಡಿ ಬಿದ್ದಿದೆ ಅಂತ ಅಣ್ಣ.

ಅಣ್ಣನ ದೊಡ್ಡ ತುಂಡು ಹಿಂದೆ ಇದೆ. ಅದರಲ್ಲಿ ಬೆಳೆದು ನಿಂತ ಕಬ್ಬಿಗೆ ಸಕ್ಕರೆ ಕಾರ್ಖಾನೆಯಿಂದ ಕಟಾವಿನ ಪರ್ಮಿಟ್ ಬಂದಿತ್ತು. ಆದರೆ ಟ್ರ್ಯಾಕ್ಟರ್ ಒಳಗೆ ಹೋಗಿ ಬರಲು ಇರುವುದು ಒಂದೇ ದಾರಿ, ಅದು ಪಕ್ಕದವನ ಜಮೀನಿನ ಅಂಚಿನಲ್ಲೇ ಹಾದು ಹೋಗುತ್ತದೆ. ಭಾನುವಾರ ಬೆಳಿಗ್ಗೆ ನೋಡಿದರೆ ಆ ದಾರಿಗೆ ಅಡ್ಡಲಾಗಿ ಜಾಲಿ ಮುಳ್ಳು ಬಿದ್ದಿತ್ತು. ಪಕ್ಕದವನು ಮುಳ್ಳಿನ ಆಚೆ ನಿಂತು, "ತಪ್ಪ ಒಪ್ಕಳ್ಲಿ. ಇಲ್ಲ, ಆರ್ಸಿ ಬಂದೆ ಅಂತ ಮಾದಪ್ಪನ ಮುಂದೆ ನಿಂತು ಏಳ್ಲಿ. ಅಲ್ಲೀಗಂಟ ಒಂದು ಜಲ್ಲೆನೂ ಈಚೆಗೆ ಬರಕ್ಕೆ ಬುಡಲ್ಲ" ಅಂದ. ಪರ್ಮಿಟ್ಟಿನ ಸರದಿ ತಪ್ಪಿದರೆ ಮತ್ತೆ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಕಬ್ಬು ಸೂಲಂಗಿ ಹೂ ಬಿಟ್ಟು ಒಳಗೆಲ್ಲ ಬೆಂಡಾಗುತ್ತದೆ. ಒಂದು ವರ್ಷದ ದುಡಿಮೆ ಆ ಮುಳ್ಳಿನ ಹಿಂದೆ ಸಿಕ್ಕಿಹಾಕಿಕೊಂಡಿತ್ತು.

ಶನಿವಾರ ಬೆಳಿಗ್ಗೆ ಜಮೀನಿನಲ್ಲಿ ಅಣ್ಣನ ಜೊತೆ ಇದ್ದವಳು ನಾನೊಬ್ಬಳೇ. ಯಳಂದೂರಿನ ಕಚೇರಿಯಲ್ಲಿ ಗುಮಾಸ್ತೆ ನಾನು. ರಜಕ್ಕೆ ಊರಿಗೆ ಬಂದಿದ್ದೆ. ಅತ್ತಿಗೆ ಕಟ್ಟಿಕೊಟ್ಟ ರೊಟ್ಟಿ ತೆಗೆದುಕೊಂಡು ಹೋಗಿದ್ದೆ. ಅಣ್ಣ ತರಗು ಸುಟ್ಟು ಮುಗಿಸಿ, ಬಿಂದಿಗೆಯಲ್ಲಿ ನೀರು ತಂದು ಬದುವಿನ ಉದ್ದಕ್ಕೂ ಸುರಿದ. ಕೋಲಿನಲ್ಲಿ ಬೂದಿ ಕೆದಕಿದ. ನಾನು ನೋಡಿದೆ. ಹೊರಡುವಾಗ ಬದುವಿನ ಮೂಲೆಯಲ್ಲಿ ದಾರದಷ್ಟು ತೆಳ್ಳಗೆ ಏನೋ ಬೆಳ್ಳಗೆ ಏಳುತ್ತಿತ್ತು. ಅದನ್ನೂ ನೋಡಿದೆ. "ಅಣ್ಣ, ಅಲ್ಲಿ ಹೊಗೆ ಅದೆ" ಅಂದೆ. "ನೀರು ಬಿದ್ದದಲ್ಲ, ಆವಿ ಅದು. ಬಾ, ಬಿಸ್ಲು ಏರ್ತಾ ಅದೆ" ಅಂದ. ಬಂದುಬಿಟ್ಟೆವು.

ನನ್ನ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಬಂದದ್ದಲ್ಲ ಅದು. ಅಣ್ಣ ಹತ್ತನೇ ಕ್ಲಾಸು ಪಾಸಾಗಿಯೂ ಮುಂದಕ್ಕೆ ಓದಲಿಲ್ಲ. ಕಾರ್ಖಾನೆಗೆ ಕಬ್ಬು ಹೊಡೆಯುವ ಬೇರೆಯವರ ಟ್ರ್ಯಾಕ್ಟರಿಗೆ ಡ್ರೈವರಾಗಿ ಹೋದ. "ಒಬ್ರು ಓದ್ಬೇಕು, ಒಬ್ರು ಗೇಯ್ಬೇಕು. ನಿಂಗೆ ತಲೆ ಅದೆ, ನೀ ಓದು" ಅಂದ. ನಾನು ಕೊಳ್ಳೇಗಾಲದ ಹಾಸ್ಟೆಲಿನಲ್ಲಿದ್ದು ಓದಿದೆ. ಎರಡು ಸಲ ಇಂಗ್ಲಿಷಿನಲ್ಲಿ ಫೇಲಾಗಿ ಮೂರನೇ ಸಲ ಪಾಸಾದೆ.

ಎರಡನೇ ವರ್ಷದಲ್ಲಿದ್ದಾಗ ಅವ್ವನ ಕಾಲಿನ ಬೆರಳಿಗೆ ಗಾಯವಾಯಿತು. ಮೂರು ತಿಂಗಳು ವಿಭೂತಿ ಹಚ್ಚಿ, ಹರಕೆ ಕಟ್ಟಿ, ತಾಯಿತ ಕಟ್ಟಿಸಿದರು. ಕೊನೆಗೆ ಕಾಮಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅದು ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಒಂದು ಬೆರಳು ಹೋಯಿತು. ಆವತ್ತಿನಿಂದ ನಾನು ಕೈ ಮುಗಿಯುವುದು ಬಿಟ್ಟೆ. ಸಿಟ್ಟಿನಲ್ಲಿ ಬಿಟ್ಟದ್ದು ನಿಜ. ಆಮೇಲೆ ಓದಿದೆ, ಯೋಚಿಸಿದೆ, ಸಿಟ್ಟು ಇಳಿಯಿತು. ದೇವರಿಲ್ಲ ಅನ್ನುವುದು ಮಾತ್ರ ಇಳಿಯಲಿಲ್ಲ. ನಾಸ್ತಿಕಳು ಅಂತ ನಾನೇ ಹೇಳಿಕೊಳ್ಳತೊಡಗಿದೆ. ಊರಲ್ಲಿ ಅದು ಬೈಗುಳ. ನಾನದನ್ನು ಮಾರ್ಕ್ಸ್ ಕಾರ್ಡಿನ ಹಾಗೆ ಎಲ್ಲರ ಮುಂದೆ ಹಿಡಿಯುತ್ತಿದ್ದೆ.

ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಗೆಳತಿ ಇನ್ನೊಂದು ಪದ ತಂದಳು. ಅಜ್ಞೇಯತಾವಾದಿ. ದೇವರು ಇದ್ದಾನೆ ಅಂತಲೂ ಇಲ್ಲ ಅಂತಲೂ ತಿಳಿಯಲು ಸಾಧ್ಯವಿಲ್ಲ ಅನ್ನುವವರಂತೆ. ತಾನು ಅದು ಅಂದಳು. ನಾನು ನಕ್ಕೆ. "ಹಬ್ಬದೂಟನೂ ಬೇಕು, ವಾದದಲ್ಲಿ ಗೆಲ್ಲೋದೂ ಬೇಕು ಅನ್ನೋರ ಪದ ಕಣೇ ಇದು" ಅಂದೆ.

ಅವಳು ಸೋಪಿನ ಡಬ್ಬಿ ಹುಡುಕುತ್ತಿದ್ದವಳು ತಲೆ ಎತ್ತಲೇ ಇಲ್ಲ. "ಗೊತ್ತಿಲ್ದೆ ಇರೋದನ್ನ ಗೊತ್ತು ಅಂತೀಯಲ್ಲ, ಪೂಜಾರಿಗೂ ನಿಂಗೂ ಏನೇ ವ್ಯತ್ಯಾಸ?" ಅಂದಳು.

ಒಂದು ವಾರ ಅವಳ ಜೊತೆ ಮಾತು ಬಿಟ್ಟಿದ್ದೆ. ಅವಳದು ಹೇಡಿತನ, ನನ್ನದು ಧೈರ್ಯ ಅಂತಲೇ ಎಷ್ಟೋ ವರ್ಷ ನಂಬಿಕೊಂಡಿದ್ದೆ.

ಭಾನುವಾರ ಸಂಜೆಗೆ ಬರುತ್ತೇನೆ. ನಾನು ಯಳಂದೂರಿನ ಬಸ್ಸಿಗೆ ಹೊರಟು ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದೆ. ಅಣ್ಣ ಜಗಲಿ ಮೇಲೆ ಕೂತಿದ್ದ. ಅತ್ತಿಗೆ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಹನೂರು ಕಡೆಯ ಹೆಣ್ಣು ಅವಳು. ಮಾತು ಕಡಿಮೆ, ಆಡಿದರೆ ನೇರ.

"ನಾಳೆ ಒಂದಿನ ರಜ ಆಕು. ನೀ ಆರ್ಸ್ಬುಡು" ಅಂದ ಅಣ್ಣ.

"ಏನ?"

"ಕರ್ಪೂರ."

ನಮ್ಮೂರಲ್ಲಿ ತಕರಾರು ಬಗೆಹರಿಯದಿದ್ದರೆ ಕೊನೆಗೆ ಬರುವುದು ಇಲ್ಲಿಗೇ. ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲೇ ಮಾದಪ್ಪನ ಗುಡಿಯ ಮುಂದೆ ನಿಲ್ಲಬೇಕು. ತಟ್ಟೆಯಲ್ಲಿ ಕರ್ಪೂರ ಹಚ್ಚುತ್ತಾರೆ. ಹೇಳಬೇಕಾದ್ದನ್ನು ಒಂದೇ ಸಲ ಹೇಳಿ, ಸುಳ್ಳಾದರೆ ಮಾದಪ್ಪ ನೋಡಿಕೊಳ್ಳಲಿ ಅಂದು, ಅಂಗೈಯಿಂದ ಉರಿಯನ್ನು ಒತ್ತಿ ಆರಿಸಬೇಕು. ಆರಿದ ಮೇಲೆ ಯಾರೂ ಮರು ಪ್ರಶ್ನೆ ಕೇಳುವಂತಿಲ್ಲ. ಆರೋಪ ಹೊತ್ತವನು ಆರಿಸಬಹುದು, ಕಣ್ಣಾರೆ ಕಂಡವರೂ ಆರಿಸಬಹುದು.

"ನೀನೇ ಆರ್ಸಬೋದಲ್ಲ" ಅಂದೆ.

ಅಣ್ಣ ಅತ್ತಿಗೆಯ ಕಡೆ ನೋಡಿದ. ಅತ್ತಿಗೆ ಹೇಳಿದಳು. "ನಮ್ಗೆ ಮಕ್ಳವೆ. ನಿಮ್ಗೇನು, ನೀವು ನಂಬಲ್ವಲ್ಲ. ನಿಮ್ಗೆ ಅದು ಬರೀ ಕರ್ಪೂರ."

ನನ್ನ ಕೈ ಬ್ಯಾಗಿನ ಪಟ್ಟಿಯ ಮೇಲೇ ನಿಂತಿತು. "ಅಣ್ಣ, ಬೆಂಕಿ ಆರಿತ್ತು ತಾನೆ?"

"ನೀನೂ ಇದ್ದೆಯಲ್ಲ, ನೀರ್ ಉಯ್ದಿದ್ದ ನೋಡ್ನಿಲ್ವ?"

"ನೋಡ್ದೆ. ಆ ಮೂಲೇಲಿ ಹೊಗೆ ಅದೆ ಅಂದಿದ್ನಲ್ಲ."

"ಅದು ಆವಿ."

"ಆವಿನಾ?"

"ಆವಿ ಇರ್ಬೇಕು" ಅಂದ. ಎದ್ದು ಎಮ್ಮೆಯ ಹಗ್ಗ ಬಿಚ್ಚಿ, ಬಿಗಿಯಾಗೇ ಇದ್ದ ಅದನ್ನು ಮತ್ತೆ ಕಟ್ಟಿದ.

ಅವನ ಮುಖ ನೋಡಿದರೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ನನ್ನ ಹಾಸ್ಟೆಲ್ಲು, ನನ್ನ ಕೆಲಸ, ಹೆಗಲಿಗೆ ಹಾಕಿಕೊಂಡಿದ್ದ ಆ ಬ್ಯಾಗೂ ಅವನು ಓದು ಬಿಟ್ಟದ್ದರಿಂದ ಬಂದದ್ದು. ಬ್ಯಾಗ್ ಕೆಳಗಿಟ್ಟು, ಕಚೇರಿಗೆ ರಜದ ಮೆಸೇಜ್ ಹಾಕಿದೆ.

ಬೆಳಿಗ್ಗೆ ಸೀರೆ ಉಟ್ಟೇ ತಲೆ ಮೇಲೆ ತಣ್ಣೀರು ಸುರಿದುಕೊಳ್ಳುವಾಗ ನನಗೆ ನಾನೇ ಲೆಕ್ಕ ಒಪ್ಪಿಸುತ್ತಿದ್ದೆ. ಅತ್ತಿಗೆ ಹೇಳಿದ್ದರಲ್ಲಿ ತಪ್ಪೇನಿದೆ? ನಾಸ್ತಿಕಳಿಗೆ ಅದು ಬರೀ ಕರ್ಪೂರವೇ. ಅಂಗೈ ಎರಡು ಕ್ಷಣ ಚುರುಗುಟ್ಟುತ್ತದೆ, ಅಣ್ಣನ ಕಬ್ಬು ಈಚೆಗೆ ಬರುತ್ತದೆ, ಮೇಲಿಂದ ನೋಡಿಕೊಳ್ಳುವವನು ಯಾರೂ ಇಲ್ಲ. ಮತ್ತೆ ಈ ಹೆದರಿಕೆ ಯಾಕೆ? ಒಳಗೆ ಎಲ್ಲೋ ನಾನಿನ್ನೂ ನಂಬುತ್ತಿದ್ದೇನಾ? ಹುಡುಕಿ ನೋಡಿದೆ. ಇಲ್ಲ. ದೇವರ ಹೆದರಿಕೆ ಅಲ್ಲ ಅದು. ಊರು ನನ್ನ ಅಂಗೈಯನ್ನು ನಂಬುತ್ತದೆ ಅನ್ನುವ ಹೆದರಿಕೆ. ದೇವರು ಇದ್ದಿದ್ದರೆ ಸುಳ್ಳಿನ ಪಾಲು ಅವನಿಗೂ ಹೋಗುತ್ತಿತ್ತು, ಶಿಕ್ಷೆ ಕೊಟ್ಟು ಚುಕ್ತಾ ಮಾಡುತ್ತಿದ್ದ. ಇಲ್ಲದ್ದರಿಂದ ಪೂರ್ತಿ ನನ್ನ ಬಳಿಯೇ ಉಳಿಯುತ್ತದೆ.

ಗುಡಿಯ ಮುಂದೆ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಊರ ಯಜಮಾನರು ಕಟ್ಟೆ ಮೇಲೆ ಕೂತಿದ್ದರು. ಎಲೆ ಅಡಿಕೆ ಹಾಕಿಕೊಂಡು ನಿಧಾನಕ್ಕೆ ಮಾತಾಡುವ ಮುದುಕರು, ಸೊಂಟ ನೋವಿಗೆ ಬೆಲ್ಟ್ ಕಟ್ಟಿರುತ್ತಾರೆ. ಒದ್ದೆ ಸೀರೆಯಲ್ಲಿ ನಾನು ಮುಂದೆ ಬಂದದ್ದನ್ನು ಕಂಡು ಪಕ್ಕದ ಜಮೀನಿನವನು ಹೆಗಲ ಟವೆಲ್ ಕೊಡವಿದ.

"ಯಜಮಾನ್ರೇ, ಇದೇನಾಟ? ಇವ್ಳು ಆರ್ಸದಾ? ದೇವ್ರೇ ಇಲ್ಲ ಅನ್ನೋಳು, ಮಂಗ್ಳಾರ್ತಿ ತಟ್ಟೆ ಬಂದ್ರೆ ಆ ಕಡೆ ತಿರುಕ್ಕತಳೆ. ಇವ್ಳ ಆಣೆ ತಕಂಡು ನಾ ಏನ್ ಸುಟ್ಟಿರ ಕಬ್ಗೆ ಕಟ್ಲಾ?"

ಯಾರೋ ಹಿಂದಿನಿಂದ, "ಅವ್ಳು ಕರ್ಪೂರ ಏನು, ಟ್ರಾನ್ಸ್‌ಫಾರ್ಮರ್ ಬೇಕಾದ್ರೂ ಮುಟ್ತಾಳೆ ಬುಡಪ್ಪ" ಅಂದರು. ನಗು ಎದ್ದಿತು. ಅಣ್ಣ ನಗಲಿಲ್ಲ.

ವಿಚಿತ್ರ ನೋಡಿ. ಅಣ್ಣ ನನ್ನನ್ನು ತಂದು ನಿಲ್ಲಿಸಿದ್ದಕ್ಕೂ ಪಕ್ಕದವನು ಬೇಡ ಅಂದದ್ದಕ್ಕೂ ಕಾರಣ ಒಂದೇ. ಇವಳು ಸುಳ್ಳು ಹೇಳಿ ದಕ್ಕಿಸಿಕೊಳ್ಳಬಲ್ಲಳು ಅಂತ. ಕಷ್ಟಪಟ್ಟು ಗಳಿಸಿದೆ ಅಂದುಕೊಂಡಿದ್ದ ಆ ಹೆಸರಿಗೆ ನಮ್ಮೂರಲ್ಲಿ ಇದ್ದ ಅರ್ಥ ಇದು. ಅಷ್ಟು ಜನರ ನಡುವೆ ನೀರು ತೊಟ್ಟಿಕ್ಕುತ್ತಾ ನಿಂತು ನನಗದು ತಿಳಿಯಿತು.

ಯಜಮಾನರು ಎಲೆ ಅಡಿಕೆಯನ್ನು ಒಂದು ಕೆನ್ನೆಗೆ ತಳ್ಳಿ ನನ್ನನ್ನು ಹತ್ತಿರ ಕರೆದರು.

"ನೋಡವ್ವ, ಓದಿರೋಳು ನೀನು. ಒಂದು ಕೇಳ್ತೀನಿ, ನೆಟ್ಟಗೆ ಏಳು. ಮಾದಪ್ಪ ಇಲ್ಲ ಅಂತೀಯೋ, ಇದ್ದಾನೋ ಇಲ್ವೋ ಗೊತ್ತಿಲ್ಲ ಅಂತೀಯೋ?"

"ಎರಡಕ್ಕೂ ಏನು ಯಜಮಾನ್ರೇ ವ್ಯತ್ಯಾಸ?" ಅಂದೆ. ಹೊತ್ತು ಕಳೆಯಲು ಕೇಳಿದ್ದು ಅದು.

"ವ್ಯತ್ಯಾಸ ಅದೆ. ಇಲ್ಲ ಅನ್ನೋಳು ಆರ್ಸಂಗಿಲ್ಲ. ಅವ್ಳ್ಗೆ ಅಂಜಿಕೆ ಎಲ್ಲಿಂದ ಬರ್ಬೇಕು? ಗೊತ್ತಿಲ್ಲ ಅನ್ನೋಳು ಆರ್ಸ್ಬೋದು. ಇದ್ರೂ ಇದ್ದಾನು ಅಂತ ಅವ್ಳ ಕೈ ನಡುಗ್ತದೆ. ನಂಗೆ ಅಷ್ಟು ಸಾಕು." ಪಕ್ಕದವನ ಕಡೆ ತಿರುಗಿ, "ಏನ್ಲಾ, ಒಪ್ತೀಯ?" ಅಂದರು.

ಅವನು, "ಗೊತ್ತಿಲ್ಲ ಅಂತ ಅವ್ಳ ಬಾಯಲ್ಲೇ ಬರ್ಲಿ, ಒಪ್ತೀನಿ" ಅಂದ.

ಕಾಲೇಜಿನಲ್ಲಿ ನಾವು ಒಂದು ವಾರ ಮಾತು ಬಿಡುವಷ್ಟು ಜಗಳವಾಡಿದ ವ್ಯತ್ಯಾಸವನ್ನು ಸಹಿ ಹಾಕಲು ಕಲಿತಿರದ ಮುದುಕರು ಎರಡು ಮಾತಲ್ಲಿ ಮುಗಿಸಿದ್ದರು. ಅಣ್ಣ ನನ್ನ ಹಿಂದೆಯೇ ನಿಂತಿದ್ದ. ಅವನ ಉಸಿರು ಕಿವಿಗೆ ತಾಗುತ್ತಿತ್ತು.

"ಗೊತ್ತಿಲ್ಲ ಅನ್ನು" ಅಂದ ಪಿಸುಮಾತಿನಲ್ಲಿ. "ಒಂದು ಮಾತು ಕಣವ್ವ. ಗೊತ್ತಿಲ್ಲ ಅಂದ್ಬುಡು."

ಒಂದೇ ಮಾತು. ಅದನ್ನು ಅಂದರೆ ನನ್ನ ಆಣೆ ಸಲ್ಲುತ್ತದೆ, ಮುಳ್ಳು ಸರಿಯುತ್ತದೆ. ಅದು ಸುಳ್ಳು ಅಂತಲೂ ಯಾರೂ ಹೇಳುವಂತಿಲ್ಲ. ಇಡೀ ಆಕಾಶ ಸುತ್ತಿ ನೋಡಿ ಬಂದವಳೇನಲ್ಲ ನಾನು. ನನ್ನ ಹಾಸ್ಟೆಲ್ ಗೆಳತಿ ಅಲ್ಲಿ ನಿಂತಿದ್ದರೆ ಗೊತ್ತಿಲ್ಲ ಅಂತ ತಲೆ ಎತ್ತಿಯೇ ಹೇಳುತ್ತಿದ್ದಳು. ಅವಳು ಅದನ್ನು ಬದುಕಿದವಳು, ಅವಳ ಬಾಯಲ್ಲಿ ಅದು ನಿಜ. ನನ್ನ ಬಾಯಲ್ಲಿ ಆವತ್ತು ಅದು ಕಳ್ಳಮಾಲು. ಅವಳ ಪದವನ್ನು ಹೇಡಿಗಳ ಪದ ಅಂತ ಬೈದವಳು, ಈಗ ದಾರಿ ಬೇಕಾಗಿದೆ ಅಂತ ಅದನ್ನೇ ಎತ್ತಿ ಉಟ್ಟುಕೊಳ್ಳುವುದಾ?

ಪೂಜಾರಿ ಕರ್ಪೂರ ಹಚ್ಚಿದರು. ಹಚ್ಚಿದ್ದನ್ನು ಕಾಯಿಸುವುದು ಸಲ್ಲ. ತಟ್ಟೆ ನನ್ನ ಎದೆಯ ಮಟ್ಟಕ್ಕೆ ಬಂತು.

"ಯಜಮಾನ್ರೇ, ದೇವ್ರ ವಿಚಾರದಲ್ಲಿ ಇಲ್ಲ ಅಂತ್ಲೇ ಹೇಳ್ತೀನಿ" ಅಂದೆ. ಎಲ್ಲರಿಗೂ ಕೇಳುವ ಹಾಗೆ ಮತ್ತೆ ಹೇಳಿದೆ. "ಇಲ್ಲ ಅಂತ್ಲೇ ನನ್ನ ಮಾತು. ಅದಕ್ಕೆ ನಾನು ಆರ್ಸಲ್ಲ. ಆದ್ರೆ ಕಂಡಿದ್ದು ಹೇಳ್ತೀನಿ. ಅಣ್ಣ ನೀರು ಉಯ್ದಿದ್ದು ಕಂಡೆ. ಬೂದಿ ಕೆದಕಿದ್ದು ಕಂಡೆ. ಬರ್ವಾಗ ಬದುವಿನ ಮೂಲೇಲಿ ಬೆಳ್ಳಗೆ ಎದ್ದಿದ್ದೂ ಕಂಡೆ. ಅದು ಹೊಗೆನೋ ಆವಿನೋ, ಬೆಂಕಿ ಆರಿತ್ತೋ ಇಲ್ವೋ, ಅದು ಮಾತ್ರ ನಂಗೆ ಗೊತ್ತಿಲ್ಲ."

ಹಿಂದಿದ್ದ ಅಣ್ಣನ ಉಸಿರು ದೂರ ಸರಿಯಿತು.

ಯಜಮಾನರು ಬೆರಳೆತ್ತಿ ತಟ್ಟೆಯನ್ನು ಅಣ್ಣನ ಕಡೆಗೆ ತೋರಿಸಿದರು. "ಅಂಗಾದ್ರೆ ನೀನೇ ಆರ್ಸಪ್ಪ."

ಪೂಜಾರಿ ಎರಡು ಹೆಜ್ಜೆ ಹಾಕಿ ಅಣ್ಣನ ಮುಂದೆ ನಿಂತರು. ಒದ್ದೆ ಬಟ್ಟೆಯಿಲ್ಲ ಅಂತ ಯಾರೂ ಅಡ್ಡ ಹೇಳಲಿಲ್ಲ. ಅಣ್ಣ ಕೈ ಎತ್ತಿದ. ಸ್ಟೇರಿಂಗ್ ಹಿಡಿದು ಹಿಡಿದು ಕಾಯಿಕಟ್ಟಿದ ಅಂಗೈ ಅದು; ಉರಿ ತಾಗಿದರೂ ಗೊತ್ತಾಗುತ್ತಿರಲಿಲ್ಲ ಅವನಿಗೆ. ಕೈ ಉರಿಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ಇಳಿಯಲಿಲ್ಲ. ಅವನ ತುಟಿ ಅಲ್ಲಾಡುತ್ತಿತ್ತು, ಮಾತು ಹೊರಗೆ ಬರಲಿಲ್ಲ. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕರ್ಪೂರ ಕುಗ್ಗಿತು, ನೀಲಿಯಾಯಿತು, ತಟ್ಟೆಯ ಮೇಲೆ ಕಪ್ಪು ಕಲೆ ಬಿಟ್ಟು ತಾನಾಗಿಯೇ ಆರಿತು. ಆಮೇಲೆ ಅಣ್ಣ ಕೈ ಕೆಳಗಿಳಿಸಿದ.

ತಾನಾಗಿ ಆರಿದ ಕರ್ಪೂರವನ್ನು ನಮ್ಮೂರಲ್ಲಿ ಒಪ್ಪಿಗೆ ಅಂತಲೇ ತೆಗೆದುಕೊಳ್ಳುತ್ತಾರೆ. ಅವನಿಗೂ ಗೊತ್ತಿಲ್ಲದೆ ಇರಬಹುದು ಅಂತ ನನಗನ್ನಿಸಿತು. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಅಲ್ಲಿ ಯಾರೂ ಜಾಗ ಕೊಡುವವರಿರಲಿಲ್ಲ. ಜನ ಗೆಲುವಿನ ಕೂಗು ಹಾಕಲಿಲ್ಲ, ಅದೊಂದು ಪುಣ್ಯ. ಪಕ್ಕದವನೂ ನೆಲ ನೋಡುತ್ತಾ ನಿಂತಿದ್ದ.

ಯಜಮಾನರು ತೀರ್ಮಾನ ಹೇಳಿದರು. ಸುಟ್ಟ ಕಬ್ಬು ದಿನ ಕಳೆದಂತೆ ತೂಕ ಕಳೆದುಕೊಳ್ಳುತ್ತದೆ, ಬೇಗ ಅರೆಸಬೇಕು. ಅದಕ್ಕೆ ಅಣ್ಣ ತನ್ನ ಕಟಾವಿನ ಸರದಿಯನ್ನು ಪಕ್ಕದವನಿಗೆ ಬಿಟ್ಟುಕೊಡಬೇಕು, ತಾನೇ ನಿಂತು ಕಡಿಸಬೇಕು, ತಾನೇ ಟ್ರ್ಯಾಕ್ಟರ್ ಹೊಡೆದು ಕಾರ್ಖಾನೆ ಮುಟ್ಟಿಸಬೇಕು. ಆಮೇಲೆ ಪಕ್ಕದವನು ದಾರಿ ಬಿಡಬೇಕು. ಅಣ್ಣನ ಸ್ವಂತ ಕಬ್ಬು ಮುಂದಿನ ಸರದಿಯವರೆಗೆ ಬಿಸಿಲಲ್ಲಿ ನಿಂತಿರುತ್ತದೆ. "ಇಬ್ರಿಗೂ ನಷ್ಟ. ಒಬ್ನಿಗೇ ಆಗದಕ್ಕಿಂತ ಇದು ವಾಸಿ" ಅಂದು ಎದ್ದರು. ಎದ್ದವರು ನನ್ನ ಹತ್ತಿರ ನಿಂತು, "ಓಗವ್ವ, ಬಟ್ಟೆ ಬದ್ಲಾಯ್ಸು, ಶೀತ ಆಯ್ತದೆ" ಅಂದರು. ಹೊಗಳಿಕೆಯೋ ಬೈಗುಳವೋ ಅಂತ ತಿಳಿಯದ ಮುಖ.

ಮನೆಗೆ ಬಂದರೆ ಅತ್ತಿಗೆ ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದಳು. "ಓದ್ಸಿದ್ಕೆ ಒಳ್ಳೇದೇ ಮಾಡ್ದ್ರಿ" ಅಂದಳು, ಅಷ್ಟೇ. ನಾನು ಇನ್ನೆರಡು ದಿನ ರಜ ಹಾಕಿದೆ. ಹಳೆಯ ಅಂಗಿ ಹಾಕಿಕೊಂಡು ಸುಟ್ಟ ಕಬ್ಬಿಗೆ ಇಳಿದೆ. ಬರಬೇಡ ಅಂತ ಅಣ್ಣ ಹೇಳಲಿಲ್ಲ, ಬಾ ಅಂತಲೂ ಹೇಳಲಿಲ್ಲ. ಜಲ್ಲೆ ಮುಟ್ಟಿದರೆ ಕೈ ಮುಖ ಎಲ್ಲಾ ಮಸಿ. ಕಂತೆ ಕಟ್ಟಿ ಹೊರುತ್ತಾ ಎರಡು ದಿನ ಅವನು ನನ್ನ ಜೊತೆ ಒಂದು ಮಾತಾಡಲಿಲ್ಲ. ಪಕ್ಕದವನೇ ಮಧ್ಯಾಹ್ನ ಮಜ್ಜಿಗೆ ತಂದು ಮೊದಲ ಲೋಟ ನನಗೆ ಕೊಟ್ಟ. "ನಿನ್ ಮಾತ ಆಣೆ ಇಲ್ದೇ ನಂಬ್ದೆ ಕಣವ್ವ" ಅಂದ. ಅಣ್ಣ ಕೇಳಿಸಿಕೊಂಡ. ಆ ಹೊತ್ತಿನಲ್ಲಿ ಆ ಮಾತು ನನಗೆ ಬೇಕಿರಲಿಲ್ಲ.

ಕೊನೆಯ ಲೋಡಿನ ದಿನ ನಾನು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಹೋದೆ. ದಾರಿಯಲ್ಲಿ ಇಳಿದು ಯಳಂದೂರಿನ ಬಸ್ಸು ಹಿಡಿಯುವುದು ಅಂತ. ಆದರೆ ಕಾರ್ಖಾನೆಯ ಗೇಟಿನಿಂದ ಅರ್ಧ ಮೈಲಿ ಉದ್ದಕ್ಕೆ ಟ್ರ್ಯಾಕ್ಟರುಗಳ ಸಾಲು ನಿಂತಿತ್ತು. ಬಸ್ ಸ್ಟಾಪು ಹಿಂದೆ ಉಳಿದಿತ್ತು, ನಾನು ಇಳಿದಿರಲಿಲ್ಲ. ಅಣ್ಣ ಇಂಜಿನ್ ಆಫ್ ಮಾಡಿದ. ಮುಂದಿನ ಗಾಡಿಯ ಕಬ್ಬನ್ನೇ ನೋಡುತ್ತಾ ಕೇಳಿದ.

"ಅಲ್ಲ, ಗೊತ್ತಿಲ್ಲ ಅಂದಿದ್ರೆ ಏನಾಯ್ತಿತ್ತು ನಿಂಗೆ?"

"ಸುಳ್ಳಾಯ್ತಿತ್ತು."

"ಬೆಂಕಿ ವಿಚಾರ್ವಾ, ದೇವ್ರ ವಿಚಾರ್ವಾ?"

"ದೇವ್ರ ವಿಚಾರ."

ಅವನು ಟವೆಲಿನಿಂದ ಕತ್ತು ಒರೆಸಿಕೊಂಡ. ಟವೆಲ್ ಕಪ್ಪಾಯಿತು. "ಅವ್ನೇ ಇಲ್ಲ ಅಂತೀಯ. ಅವ್ನ ಮ್ಯಾಲೆ ಸುಳ್ಳೇಳಕ್ಕೆ ಇಂಗೆ ಎದರ್ತೀಯ."

"ಅವನಿಗಲ್ಲ ಅಣ್ಣ."

"ಮತ್ಯಾರ್ಗೆ?"

"ನೀನ್ಯಾಕೆ ಕೈ ಇಡ್ಲಿಲ್ಲ?" ಅಂದೆ.

"ನಂಗೂ ಗೊತ್ತಿಲ್ವಲ್ಲ" ಅಂದ. "ಆವಿ ಅಂತ್ಲೇ ಅಂದ್ಕಂಡಿದ್ದೆ. ನೀ ಅಷ್ಟು ಜನದ ಮುಂದೆ ಗೊತ್ತಿಲ್ಲ ಅಂದ್ಮೇಲೆ ನಾ ಗೊತ್ತು ಅನ್ನದು ಎಂಗೆ?" ಟವೆಲ್ ಮಡಚುತ್ತಾ, "ತಂತಿಯಿಂದ್ಲೂ ಆಗಿರ್ಬೋದು" ಅಂದ.

"ಆಗಿರ್ಬೋದು."

"ಮಾದಪ್ಪ ಒಬ್ನಿಗೇ ಗೊತ್ತು" ಅಂದ ಅಣ್ಣ. ನಾನು ಎದುರು ಮಾತಾಡಲಿಲ್ಲ. ಆಡುವ ಮನಸ್ಸಿರಲಿಲ್ಲ ಅಂತಲ್ಲ. ಎರಡು ದಿನದ ಮೇಲೆ ಅವನು ಮಾತಾಡಿದ್ದ, ಅದಕ್ಕೆ.

ಮುಂದಿನ ಗಾಡಿ ಸರಿಯಿತು. ಅಣ್ಣ ಇಂಜಿನ್ ಶುರು ಮಾಡಿ ಗೇರ್ ಹಾಕಿದ. ನಾನು ಇನ್ನೂ ಮಡ್‌ಗಾರ್ಡ್ ಮೇಲೇ ಕೂತಿದ್ದೆ. ಇಳಿ ಅಂತ ಅವನು ಅನ್ನಲಿಲ್ಲ.